ನೆಲ ಡೊಂಕೋ, ಕೋಲು ಡೊಂಕೋ: ಸ್ನೂಕರ್, ಬಿಲಿಯರ್ಡ್ಸ್, ಪೂಲ್ ಆಡುವವರಿಗೆ ಕ್ಯೂ ಆಯ್ಕೆ ಮತ್ತು ಬಳಕೆಯ ಸಮಗ್ರ ಮಾರ್ಗದರ್ಶಿ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸುಲಭದ ಪಾಟ್ (ಚೆಂಡನ್ನು ಪಾಕೆಟ್‌ಗೆ ಬೀಳಿಸುವ ಹೊಡೆತ) ತಪ್ಪಿಸಿಕೊಂಡು, ತಕ್ಷಣ ಕ್ಯೂವನ್ನು, ಅಂದರೆ ಆಡುವ ಕೋಲನ್ನು, ಕಣ್ಣಿನ ಮಟ್ಟಕ್ಕೆ ಎತ್ತಿ ಸೊಟ್ಟ ಇದೆಯಾ ಎಂದು ನೋಡುವವರನ್ನು ಕಂಡಾಗಲೆಲ್ಲ ನಮ್ಮ ಕ್ಲಬ್ಬಿನಲ್ಲಿ ಅಂಕ ಬರೆದು ಟೇಬಲ್ ನೋಡಿಕೊಳ್ಳುವ ಹಳೆಯ ಮಾರ್ಕರ್ ಈ ಗಾದೆ ಹೇಳಿ ನಗುತ್ತಿದ್ದರು. ಒಂದು ದಿನ ನಾನೂ ಹಾಗೆ ನೋಡುತ್ತಾ ನಿಂತಿದ್ದೆ. ಅವರು ಕ್ಯೂ ಇಸಿದುಕೊಂಡರು, ಅದರ ತುದಿಗಂಟಿಸಿದ ಟಿಪ್ಪನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿದರು. 'ಕೋಲು ನೆಟ್ಟಗಿದೆ ಸಾರ್. ಆದರೆ ಇದು ಟಿಪ್ಪಲ್ಲ, ಹುಣಸೆ ಬೀಜ' ಎಂದರು. ನಿಜಕ್ಕೂ ಹಾಗೇ ಇತ್ತು: ಕಪ್ಪಗೆ, ನುಣ್ಣಗೆ, ಮಿರಿಮಿರಿ ಹೊಳೆಯುತ್ತಿತ್ತು. ಟಿಪ್ ಜಾರದಿರಲೆಂದು ಚಾಕ್ ಹಚ್ಚಿದರೆ ನಿಲ್ಲುತ್ತಿರಲಿಲ್ಲ. ಎರಡು ತಿಂಗಳಿಂದ ನಾನು ನನ್ನ ಕೈಯನ್ನು ಬೈದುಕೊಳ್ಳುತ್ತಿದ್ದದ್ದು ಒಂದು ಸೆಂಟಿಮೀಟರ್ ಅಗಲದ ಚರ್ಮದ ತುಂಡಿನ ತಪ್ಪಿಗೆ.

ಹಣ ಖರ್ಚು ಮಾಡುವ ಮೊದಲು ಒಂದು ಕ್ರಮ ತಲೆಯಲ್ಲಿರಲಿ. ಮೊದಲು ನೀವು ಆಡುವ ಟೇಬಲ್ ಯಾವುದು ನೋಡಿ. ಆಮೇಲೆ ಕೋಲು ನೆಟ್ಟಗಿದೆಯಾ ನೋಡಿ. ಮೂರನೆಯದು ಟಿಪ್. ನಾಲ್ಕನೆಯದು ತೂಕ ಮತ್ತು ಸಮತೋಲ. ಕೆತ್ತನೆ, ಬಣ್ಣ, ಕಂಪನಿಯ ಚಿನ್ನದಕ್ಷರ ಎಲ್ಲ ಕೊನೆಗೆ. ನಮ್ಮಲ್ಲಿ ಮುಕ್ಕಾಲು ಜನ ಈ ಪಟ್ಟಿಯನ್ನು ತಲೆಕೆಳಗಾಗಿ ಹಿಡಿದು ಅಂಗಡಿಗೆ ಹೋಗುತ್ತಾರೆ.

ಮೊದಲು ಟೇಬಲ್ ನೋಡಿ

ಬೆಂಗಳೂರಿನ ಮಾಲ್‌ಗಳಲ್ಲಿ, ಪಬ್‌ಗಳಲ್ಲಿ ಸಿಗುವ ಚಿಕ್ಕ ಟೇಬಲ್ ಪೂಲ್‌ನದು. ಅದರ ಚೆಂಡು ದೊಡ್ಡದು, 57.15 ಮಿ.ಮೀ. ವ್ಯಾಸ, ತೂಕ 156ರಿಂದ 170 ಗ್ರಾಂ. ಸ್ನೂಕರ್ ಮತ್ತು ಬಿಲಿಯರ್ಡ್ಸ್ ಆಡುವುದು 12 ಅಡಿಯ ದೊಡ್ಡ ಟೇಬಲ್ ಮೇಲೆ. ಅಲ್ಲಿ ಚೆಂಡು 52.5 ಮಿ.ಮೀ., ತೂಕ 140 ಗ್ರಾಂ ಆಸುಪಾಸು. ಪೂಲ್ ಟೇಬಲಿನ ಮೂಲೆಯ ಪಾಕೆಟ್ ಬಾಯಿ ಅಗಲ, ಅಂಚು ಚೂಪು; ಸ್ನೂಕರಿನದು ಕಿರಿದು, ಅಂಚು ದುಂಡು. ಪೂಲ್‌ನಲ್ಲಿ ಪಾಕೆಟ್ ಅಂಚಿಗೆ ತಗುಲಿಯೂ ಒಳಗೆ ಬೀಳುವ ಚೆಂಡು ಸ್ನೂಕರಿನಲ್ಲಿ ಬಾಯಲ್ಲಿ ಗಡಗಡ ಆಡಿ ಹೊರಗೆ ಬರುತ್ತದೆ.

ಕ್ಯೂ ಬೇರೆಯಾಗುವುದು ಇಲ್ಲಿಂದಲೇ. ಪೂಲ್ ಕ್ಯೂವಿನ ತುದಿ ದಪ್ಪ, 12ರಿಂದ 13 ಮಿ.ಮೀ. ಅದರ ಕೋಲು ಸಾಮಾನ್ಯವಾಗಿ ಮೇಪಲ್ ಮರದ್ದು, ತುದಿಯ ಕಡೆಯಿಂದ ಒಂದಡಿಗೂ ಹೆಚ್ಚು ಉದ್ದ ಒಂದೇ ದಪ್ಪದಲ್ಲಿ ಸಾಗಿ ಆಮೇಲೆ ದಪ್ಪಗಾಗುತ್ತದೆ. ಬೆರಳನ್ನು ಉಂಗುರದಂತೆ ಸುತ್ತಿ ಹಿಡಿಯಲು ಅನುಕೂಲ. ಸ್ನೂಕರ್ ಕ್ಯೂವಿನ ತುದಿ 9ರಿಂದ 10 ಮಿ.ಮೀ., ತುದಿಯಿಂದ ಬುಡದವರೆಗೆ ಒಂದೇ ಸಮ ದಪ್ಪಗಾಗುತ್ತಾ ಹೋಗುತ್ತದೆ, ಟಿಪ್ ಕೆಳಗೆ ಹಿತ್ತಾಳೆಯ ಬಳೆ ಇರುತ್ತದೆ. ಆ ಬಳೆಗೆ ಫೆರುಲ್ ಎನ್ನುತ್ತಾರೆ. ಎರಡರದೂ ಉದ್ದ ಸುಮಾರು 57ರಿಂದ 58 ಅಂಗುಲ. ಸ್ನೂಕರ್ ಕ್ಯೂ 17ರಿಂದ 19 ಔನ್ಸ್, ಪೂಲ್ ಕ್ಯೂ 18ರಿಂದ 20 ಔನ್ಸ್ ತೂಗುತ್ತದೆ.

ಸ್ನೂಕರ್ ಕ್ಯೂ ತಂದು ಪೂಲ್ ಆಡಬಹುದಾ? ಆಡಬಹುದು, ಯಾರೂ ತಡೆಯುವುದಿಲ್ಲ. ಆದರೆ ಆ ಭಾರದ ಚೆಂಡುಗಳ ಗುಂಪನ್ನು ತೆಳು ತುದಿಯಿಂದ ಬಲವಾಗಿ ಒಡೆಯಲು ಹೋದರೆ ಟಿಪ್ ಚಪ್ಪಟೆಯಾಗುತ್ತದೆ, ಫೆರುಲ್ ಸಡಿಲವಾಗುತ್ತದೆ. ಪೂಲ್ ಬ್ರೇಕ್‌ಗೆ, ಅಂದರೆ ಗುಂಪೊಡೆಯುವ ಮೊದಲ ಹೊಡೆತಕ್ಕೆ, ಕ್ಲಬ್ಬಿನ ಕ್ಯೂ ಬಳಸಿ, ನಿಮ್ಮದನ್ನು ಗೋಡೆಯ ಸ್ಟ್ಯಾಂಡಿನಲ್ಲೇ ಬಿಡಿ. ಗಟ್ಟಿ ಟಿಪ್ಪಿನ ಬ್ರೇಕ್ ಕ್ಯೂ ಎಂಬ ಪ್ರತ್ಯೇಕ ವಸ್ತುವೇ ಇದೆ. ಪೂಲನ್ನು ಗಂಭೀರವಾಗಿ ಆಡುವವರಿಗೆ ಅದು ಬೇಕು, ವಾರಕ್ಕೊಮ್ಮೆ ಗೆಳೆಯರ ಜೊತೆ ಹೋಗುವವರಿಗೆ ಬೇಡ.

ಬಿಲಿಯರ್ಡ್ಸ್ ಆಡುವವರಿಗೆ ಸ್ನೂಕರ್ ಕ್ಯೂವೇ ಸಾಕು. ಟೇಬಲ್ ಅದೇ, ಚೆಂಡಿನ ಅಳತೆಯೂ ಅದೇ; ಚೆಂಡು ಮಾತ್ರ ಮೂರು. ನಿಮ್ಮ ಚೆಂಡು ಉಳಿದೆರಡಕ್ಕೂ ತಗುಲಿದರೆ, ಅಂದರೆ ಕ್ಯಾನನ್ ಆದರೆ, 2, ಕೆಂಪು ಪಾಟ್ ಮಾಡಿದರೆ 3, ಕೆಂಪಿಗೆ ತಗುಲಿ ನಿಮ್ಮ ಚೆಂಡೇ ಪಾಕೆಟ್‌ಗೆ ಇಳಿದರೆ, ಅಂದರೆ ಇನ್-ಆಫ್ ಆದರೆ, ಮತ್ತೆ 3. ಇದು ಮೃದು ಕೈಯ ಆಟ. ನನ್ನ ಅಭಿಪ್ರಾಯ ಕೇಳಿದರೆ, ಹೊಸಬರು ಸ್ನೂಕರಿಗೆ ಮೊದಲು ಆರು ತಿಂಗಳು ಬಿಲಿಯರ್ಡ್ಸ್ ಆಡಬೇಕು. ಬಿಳಿ ಚೆಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬ ಲೆಕ್ಕ ಆ ಆಟ ಕಲಿಸಿದಷ್ಟು ಬೇರೆ ಯಾವುದೂ ಕಲಿಸುವುದಿಲ್ಲ. ಬೆಂಗಳೂರಿನಲ್ಲಿ ಅರವಿಂದ್ ಸವೂರ್ ಗರಡಿಯಲ್ಲಿ ಪಳಗಿದ ಪಂಕಜ್ ಅಡ್ವಾಣಿ 2003ರಲ್ಲಿ ಚೀನಾದಲ್ಲಿ ಮೊದಲ ವಿಶ್ವ ಅಮೆಚೂರ್ ಪಟ್ಟ ಗೆದ್ದದ್ದು ಸ್ನೂಕರಿನಲ್ಲಿ. ಏಷ್ಯನ್ ಗೇಮ್ಸ್ ಚಿನ್ನ ತಂದದ್ದು, 2006ರ ದೋಹಾದಲ್ಲೂ 2010ರ ಗುವಾಂಗ್‌ಝೌನಲ್ಲೂ, ಬಿಲಿಯರ್ಡ್ಸ್‌ನಲ್ಲಿ. ಎರಡು ದೋಣಿಯಲ್ಲಿ ಕಾಲಿಟ್ಟೂ ದಡ ಸೇರಬಹುದು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು.

ಅಂಗಡಿಯಲ್ಲಿ ನಿಂತಾಗ

ಫೋಟೋ ನೋಡಿ ಆನ್‌ಲೈನ್‌ನಲ್ಲಿ ಕ್ಯೂ ತರಿಸಬೇಡಿ. ನಾನು ತರಿಸಿದ್ದೆ. ಬುಡದಲ್ಲಿ ನಾಲ್ಕು ಬಣ್ಣದ ಮರ, ಹೊಳೆಯುವ ವಾರ್ನಿಷ್, ಜೊತೆಗೆ ಬಿಟ್ಟಿ ಚಾಕ್. ಪೆಟ್ಟಿಗೆ ಬಿಚ್ಚಿ ನೋಡಿದರೆ ತುದಿಯ ಒಂದಡಿ ಎಡಕ್ಕೆ ಮುಖ ಮಾಡಿಕೊಂಡು ಕೂತಿತ್ತು. ವಾಪಸ್ ಕಳಿಸಲು ಪಟ್ಟ ಪಾಡು ಬೇರೆಯೇ ಪುರಾಣ.

ಮರದ ವಿಷಯಕ್ಕೆ ಬರೋಣ. ಸ್ನೂಕರ್ ಕ್ಯೂಗಳಲ್ಲಿ ಎರಡು ಜಾತಿ: ಆಶ್ ಮತ್ತು ಮೇಪಲ್. ಆಶ್ ಮರದ ಮೇಲೆ ಕಡು ಗೆರೆಗಳು ಎದ್ದು ಕಾಣುತ್ತವೆ, ಬೆರಳಾಡಿಸಿದರೆ ರಂಧ್ರಗಳು ಸಣ್ಣಗೆ ತಾಗುತ್ತವೆ. ಮೇಪಲ್ ನುಣುಪು, ಗೆರೆ ಹೆಚ್ಚು ಕಾಣದು. ಆಶ್ ಕ್ಯೂ ಹೊಡೆತದ ಸುದ್ದಿಯನ್ನು ಕೈಗೆ ಚೆನ್ನಾಗಿ ಮುಟ್ಟಿಸುತ್ತದೆ ಎನ್ನುವವರು ಹೆಚ್ಚು. ಗೆರೆಗಳು ಕಣ್ಣಿಗೆ ಅಡ್ಡ ಬರುತ್ತವೆ ಎಂದು ಮೇಪಲ್ ಹಿಡಿಯುವವರೂ ಇದ್ದಾರೆ. ಇದು ಫಿಲ್ಟರ್ ಕಾಫಿಗೆ ಚಿಕೋರಿ ಬೇಕೋ ಬೇಡವೋ ಎಂಬಂಥ ಜಗಳ. ಎರಡನ್ನೂ ಹತ್ತು ನಿಮಿಷ ಆಡಿ ನೋಡಿ, ಕೈಗೆ ಕೂತದ್ದು ನಿಮ್ಮದು.

ಆಶ್ ಕ್ಯೂ ಕೊಳ್ಳುವುದಾದರೆ ಕೋಲಿನ ಮೇಲ್ಭಾಗ ನೋಡಿ. ಅಲ್ಲಿ ಮರದ ಗೆರೆಗಳು ಬಾಣದ ಮೊನೆಯಂತೆ ಒಂದರ ಹಿಂದೊಂದು ಕೂಡಿರುತ್ತವೆ. ಅವು ಕೋಲಿನ ನಡುವಿನಲ್ಲೇ, ಬುಡದಿಂದ ತುದಿಯವರೆಗೆ ಒಂದೇ ಸಾಲಿನಲ್ಲಿ ಸಾಗಿದ್ದರೆ ಮರ ನೇರವಾಗಿ ಕುಯ್ದದ್ದು. ಬಾಣಗಳು ನಡುದಾರಿಯಲ್ಲಿ ಪಕ್ಕಕ್ಕೆ ಓಡಿಹೋಗಿದ್ದರೆ ಆ ಕೋಲು ಇವತ್ತು ನೆಟ್ಟಗಿದ್ದರೂ ನಾಳಿನ ಭರವಸೆ ಕಡಿಮೆ.

ನೆಟ್ಟಗಿದೆಯಾ ಎಂದು ಟೇಬಲ್ ಮೇಲೆ ಉರುಳಿಸಿ ನೋಡುವುದು ಎಲ್ಲರ ಅಭ್ಯಾಸ. ಸ್ನೂಕರ್ ಕ್ಯೂಗೆ ಇದು ಅರೆಬರೆ ಪರೀಕ್ಷೆ, ಯಾಕೆಂದರೆ ಅದರ ಬುಡದ ಒಂದು ಬದಿಯನ್ನು ಬೇಕೆಂದೇ ಚಪ್ಪಟೆ ಮಾಡಿರುತ್ತಾರೆ. ಉರುಳಿಸಿದರೆ ಒಳ್ಳೆಯ ಕ್ಯೂ ಕೂಡ ಟಕ್ ಎಂದು ಕುಪ್ಪಳಿಸುತ್ತದೆ. ಬದಲಿಗೆ ಬುಡವನ್ನು ಗಲ್ಲದ ಹತ್ತಿರ ಇಟ್ಟುಕೊಂಡು, ಒಂದು ಕಣ್ಣು ಮುಚ್ಚಿ, ಟ್ಯೂಬ್‌ಲೈಟ್ ಕಡೆ ತುದಿ ಮಾಡಿ, ನಿಧಾನವಾಗಿ ತಿರುಗಿಸಿ. ಕೋಲಿನ ಅಂಚಿನ ಮೇಲೆ ಬೆಳಕಿನ ಗೆರೆಯೊಂದು ಓಡುತ್ತದೆ. ಒಂದು ಸುತ್ತು ತಿರುಗಿಸುವಷ್ಟರಲ್ಲಿ ಆ ಗೆರೆ ಎಲ್ಲೂ ಮುರಿಯದಿದ್ದರೆ ಸರಿ. ಬುಡದ ಕಡೆ ಕೂದಲೆಳೆಯ ಬಾಗು ಇದ್ದರೆ ಕ್ಷಮಿಸಬಹುದು, ತುದಿಯ ಒಂದೂವರೆ ಅಡಿಯಲ್ಲಿ ಇದ್ದರೆ ಅಲ್ಲೇ ಇಟ್ಟು ಬನ್ನಿ.

ಅಷ್ಟಾದ ಮೇಲೆ ಕ್ಯೂವನ್ನು ನೆಟ್ಟಗೆ ಹಿಡಿದು, ಬುಡವನ್ನು ಅಂಗೈಯ ಹಿಮ್ಮಡಿಯಿಂದ ಗುದ್ದಿ. ಒಂದೇ ದನಿ ಬರಬೇಕು. ಗಿಲಕ್ ಎಂದರೆ ಫೆರುಲ್ಲೋ ಜೋಡಣೆಯ ತಿರುಪೋ ಸಡಿಲ.

ಜೋಡಣೆಯಲ್ಲಿ ಮೂರು ಬಗೆ. ಅಖಂಡ ಕ್ಯೂ ಕ್ಲಬ್ಬಿನಲ್ಲೇ ಬಿಡುವವರಿಗೆ. ಮುಕ್ಕಾಲು ಜೋಡಣೆಯದರಲ್ಲಿ ತಿರುಪು ಬುಡದ ಹತ್ತಿರ ಇರುವುದರಿಂದ ಕೋಲಿನ ಉದ್ದ ಭಾಗ ಅಖಂಡವಾಗಿಯೇ ಉಳಿಯುತ್ತದೆ. ಸ್ನೂಕರಿನ ಗಟ್ಟಿಗರಿಗೆ ಇದೇ ಇಷ್ಟ. ನಡು ಜೋಡಣೆಯದು ಸಮನಾಗಿ ಎರಡು ತುಂಡು. ಪುಸ್ತಕದ ಬುದ್ಧಿ ಮುಕ್ಕಾಲಿನದನ್ನೇ ಕೊಳ್ಳಿ ಎನ್ನುತ್ತದೆ. ನಾನು ಕೇಳುವುದು, ನೀವು ಕ್ಲಬ್ಬಿಗೆ ಹೋಗುವುದು ಹೇಗೆ? ಮುಕ್ಕಾಲು ಕ್ಯೂವಿನ ಪೆಟ್ಟಿಗೆ ನಾಲ್ಕು ಅಡಿಗೆ ಸ್ವಲ್ಪ ಕಡಿಮೆ. ಅದನ್ನು ಬೆನ್ನಿಗೆ ಹಾಕಿಕೊಂಡು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸ್ಕೂಟರ್ ಓಡಿಸಿದವರಿಗೆ ಗೊತ್ತು, ಪಕ್ಕದ ಆಟೋದವರ ಪ್ರೀತಿ ಎಂಥದ್ದೆಂದು. ಸ್ಕೂಟರ್‌ನವರಿಗೆ ನಡು ಜೋಡಣೆಯೇ ವಾಸಿ. ಚೆನ್ನಾಗಿ ಕೂಡಿಸಿದ್ದರೆ ಆಟದಲ್ಲಿ ವ್ಯತ್ಯಾಸ ಹಿಡಿಯುವಷ್ಟು ಸೂಕ್ಷ್ಮ ಕೈ ನಮ್ಮಲ್ಲಿ ಹೆಚ್ಚು ಜನಕ್ಕಿಲ್ಲ.

ಸಮತೋಲಕ್ಕೆ ಒಂದು ಬೆರಳು ಸಾಕು. ಕ್ಯೂವನ್ನು ತೋರುಬೆರಳಿನ ಮೇಲೆ ಅಡ್ಡಲಾಗಿ ತೂಗಿಸಿ. ಬುಡದಿಂದ 16ರಿಂದ 18 ಅಂಗುಲದ ಹತ್ತಿರ ನಿಂತರೆ ಹದ. ಅದಕ್ಕಿಂತ ಹಿಂದೆ ನಿಂತರೆ ತುದಿ ಹಗುರವೆನಿಸಿ ಮೇಲೇಳುತ್ತದೆ. ಉದ್ದ ನೋಡಲು ನೆಟ್ಟಗೆ ನಿಂತು ಕ್ಯೂವನ್ನು ಪಕ್ಕದಲ್ಲಿ ನಿಲ್ಲಿಸಿ: ಟಿಪ್ ಭುಜದಿಂದ ಗಲ್ಲದ ನಡುವೆ ಎಲ್ಲಿ ಬಂದರೂ ನಡೆಯುತ್ತದೆ.

ಬೆಲೆ ಬಗ್ಗೆ ಒಂದೇ ಮಾತು. ಏಳು ಬಾರಿ ವಿಶ್ವ ಸ್ನೂಕರ್ ಚಾಂಪಿಯನ್ ಆದ ಸ್ಕಾಟ್ಲೆಂಡಿನ ಸ್ಟೀಫನ್ ಹೆಂಡ್ರಿ ಆ ಏಳೂ ಪಟ್ಟ ಗೆದ್ದದ್ದು ಹುಡುಗನಾಗಿದ್ದಾಗಿನಿಂದ ಹಿಡಿದ ಒಂದು ಅಗ್ಗದ ಕ್ಯೂವಿನಲ್ಲಿ. ಅದರ ಬೆಲೆ ಸುಮಾರು 40 ಪೌಂಡ್. 2003ರಲ್ಲಿ ವಿಮಾನ ಪ್ರಯಾಣದಲ್ಲಿ ಅದು ಮುರಿದುಹೋಯಿತು. ಕೋಲು ಅಗ್ಗದ್ದಾದರೂ ಅದರ ಜೊತೆ ಕಳೆದ ಗಂಟೆಗಳಿಗೆ ಬೆಲೆ ಕಟ್ಟಲಾಗದು. ಹಾಗಾಗಿ ಮಧ್ಯಮ ಬೆಲೆಯದೊಂದನ್ನು ಆರಿಸಿ, ಮೂರು ವರ್ಷ ಅದನ್ನೇ ಹಿಡಿಯಿರಿ. ತಿಂಗಳಿಗೊಂದು ಕ್ಯೂ ಬದಲಿಸುವವನ ಕೈ ಯಾವುದಕ್ಕೂ ಪಳಗುವುದಿಲ್ಲ.

ಟಿಪ್: ಇಡೀ ಕ್ಯೂವಿನ ಜೀವ

ಹದಿನೆಂಟು ಔನ್ಸ್ ಕೋಲಿನಲ್ಲಿ ಚೆಂಡನ್ನು ಮುಟ್ಟುವುದು ಈ ಚರ್ಮದ ಬಿಲ್ಲೆ ಮಾತ್ರ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಮಿಂಗೋ ಎಂಬ ಸೈನ್ಯಾಧಿಕಾರಿ ಚರ್ಮದ ಟಿಪ್ಪನ್ನು ಬಳಕೆಗೆ ತಂದ ಮೇಲೆಯೇ ಚೆಂಡಿಗೆ ಬೇಕಾದ ತಿರುಗು ಕೊಡುವ ವಿದ್ಯೆ ಹುಟ್ಟಿದ್ದು. ಅದಕ್ಕೆ ಮುಂಚೆ ಬರೀ ಮರದ ತುದಿ. ನಡುವಿಗೆ ಹೊಡೆಯದಿದ್ದರೆ ಜಾರುವುದೇ.

ಟಿಪ್‌ಗಳಲ್ಲಿ ಒತ್ತಿ ಮಾಡಿದ ಒಂದೇ ತುಂಡಿನವು, ಪದರ ಪದರವಾಗಿ ಅಂಟಿಸಿದವು ಎಂದು ಎರಡು ಬಗೆ. ನೀಲಿ ಬಣ್ಣದ ಎಲ್ಕ್ ಮಾಸ್ಟರ್ ಮೊದಲ ಜಾತಿಯದು: ಮೃದು, ಅಗ್ಗ, ಹಿಡಿತ ಚೆನ್ನಾಗಿದೆ, ಆದರೆ ಒಂದೇ ಡಬ್ಬಿಯ ಎರಡು ಟಿಪ್ ಒಂದೇ ಥರ ಇರುವುದಿಲ್ಲ, ಬೇಗ ಅಣಬೆಯಂತೆ ಅಗಲವಾಗುತ್ತವೆ. ಜಪಾನಿನ ಕಮುಯಿಯಂಥ ಪದರದ ಟಿಪ್ ದುಬಾರಿ, ಆಕಾರ ಹಿಡಿದು ನಿಲ್ಲುತ್ತದೆ. ಹೊಸಬರಿಗೆ ನನ್ನ ಶಿಫಾರಸು ಅಗ್ಗದ ಮೃದು ಟಿಪ್. ಮೊದಲ ನಾಲ್ಕೈದು ಟಿಪ್ ಹಾಕುವಾಗ ಹೇಗೂ ಹಾಳು ಮಾಡುತ್ತೀರಿ.

ಹೌದು, ನೀವೇ ಹಾಕಬೇಕು. ಇದು ಸೈಕಲ್ ಪಂಕ್ಚರ್ ಹಾಕಲು ಕಲಿತಂತೆ. ನಿಧಾನವಾಗಿ ಓದಿಕೊಳ್ಳಿ.

ನಿಮ್ಮ ಫೆರುಲ್ 9.5 ಮಿ.ಮೀ. ಇದ್ದರೆ 10 ಮಿ.ಮೀ. ಟಿಪ್ ತನ್ನಿ, ಯಾವಾಗಲೂ ಅರ್ಧ ಮಿ.ಮೀ. ದೊಡ್ಡದೇ ಇರಲಿ. ಹಳೆಯ ಟಿಪ್ಪನ್ನು ಹರಿತ ಬ್ಲೇಡಿನಿಂದ ತೆಗೆಯಿರಿ. ಕೆಳಗೆ ಹಿತ್ತಾಳೆ ಬಳೆ, ಅದರ ನಡುವೆ ಮರದ ತಲೆ ಕಾಣುತ್ತದೆ. (ಕೆಲವು ಕ್ಯೂಗಳಲ್ಲಿ ಹಿತ್ತಾಳೆ ಮುಚ್ಚಳದ ಹಾಗಿರುತ್ತದೆ, ಮರ ಕಾಣದು.) ಅದರ ಮೇಲೆ ಒಣಗಿ ಕೂತ ಹಳೆಯ ಅಂಟನ್ನು ಕೆರೆದು ತೆಗೆಯಿರಿ. ಚಪ್ಪಟೆ ಹಲಗೆಯ ಮೇಲೆ ಸಣ್ಣ ಮರಳು ಕಾಗದ ಇಟ್ಟು, ಕ್ಯೂವನ್ನು ನೇರವಾಗಿ ನಿಲ್ಲಿಸಿ, ನಾಲ್ಕೈದು ಸುತ್ತು ತಿರುವಿ. ಉತ್ಸಾಹ ಬೇಡ, ಪ್ರತಿ ಸಲವೂ ಉಜ್ಜಿ ಉಜ್ಜಿ ಬಳೆಯನ್ನೇ ತಿಂದುಹಾಕಿದವರಿದ್ದಾರೆ. ಬೆಳಕಿಗೆ ಹಿಡಿದು ಸ್ಟೀಲ್ ಸ್ಕೇಲಿನ ಅಂಚನ್ನು ಅದರ ಮೇಲೆ ಇಟ್ಟು ನೋಡಿ, ಸಂದಿಯಲ್ಲಿ ಬೆಳಕು ನುಸುಳಬಾರದು.

ಟಿಪ್ಪಿನ ಅಡಿಯನ್ನೂ ಅದೇ ಕಾಗದದ ಮೇಲೆ ಉಜ್ಜಿ ಒರಟು ಮಾಡಿ. ಎರಡನ್ನೂ ಒರೆಸಿ, ಬೆರಳಿನ ಜಿಡ್ಡು ಅಂಟಿಗೆ ಶತ್ರು. ಜೆಲ್ ರೂಪದ ಸೂಪರ್ ಗ್ಲೂ ಒಂದು ಹನಿ, ಎಳ್ಳಿನಷ್ಟು, ನಡುವಿಗೆ ಇಡಿ. ನೀರಿನಂತೆ ತೆಳುವಾದ ಗ್ಲೂ ಬೇಡ, ಅದು ಚರ್ಮದೊಳಗೆ ಇಳಿದು ಟಿಪ್ಪನ್ನು ಕಲ್ಲಾಗಿಸುತ್ತದೆ. ಟಿಪ್ ಇಟ್ಟು, ನಾಲ್ಕೂ ಕಡೆ ಸಮನಾಗಿ ಚಾಚಿದೆಯಾ ನೋಡಿಕೊಂಡು, ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ಅರ್ಧ ಗಂಟೆ ಮುಟ್ಟಬೇಡಿ. ಸಾಧ್ಯವಾದರೆ ರಾತ್ರಿಯಿಡೀ ಬಿಡಿ.

ಆಮೇಲೆ ಕ್ಯೂವನ್ನು ತಲೆಕೆಳಗು ಮಾಡಿ ಟಿಪ್ಪನ್ನು ಹಳೆಯ ಮಣೆಯ ಮೇಲೆ ಒತ್ತಿ ಹಿಡಿದು, ಹೊಸ ಬ್ಲೇಡಿನಿಂದ ಫೆರುಲ್ ಕಡೆಯಿಂದ ಮಣೆಯ ಕಡೆಗೆ ಇಳಿಸುತ್ತಾ ಹೆಚ್ಚುವರಿ ಚರ್ಮ ಕತ್ತರಿಸಿ. ಹಿತ್ತಾಳೆಯ ಗೋಡೆಗೆ ಬ್ಲೇಡ್ ಆತುಕೊಂಡಿರಲಿ. ಒಂದೇ ಸಲ ದಪ್ಪ ಹೋಳು ತೆಗೆಯಲು ಹೋದರೆ ಟಿಪ್ಪಿನ ಅಂಚು ಹರಿಯುತ್ತದೆ. ಆಲೂಗಡ್ಡೆ ಸಿಪ್ಪೆ ತೆಗೆದಂತೆ ತೆಳ್ಳಗೆ, ಸುತ್ತ ಸುತ್ತ. ಬೆರಳಿನ ತುದಿಯಿಂದ ಸವರಿದರೆ ಚರ್ಮ ಎಲ್ಲಿ ಮುಗಿದು ಹಿತ್ತಾಳೆ ಎಲ್ಲಿ ಶುರುವಾಯಿತು ಎಂದು ಗೊತ್ತಾಗಬಾರದು. ಬದಿಯನ್ನು ನಾಲಿಗೆಯಿಂದ ಸ್ವಲ್ಪ ಒದ್ದೆ ಮಾಡಿ ಕಾಗದದ ಹಿಂಬದಿಯಿಂದ ಉಜ್ಜಿದರೆ ಹೊಳಪು ಬಂದು ಅಂಚು ಗಟ್ಟಿಯಾಗುತ್ತದೆ. ಮಾರ್ಕರ್‌ಗಳೆಲ್ಲ ಮಾಡುವುದು ಇದೇ, ನೋಡಿ ಮುಖ ಸಿಂಡರಿಸಬೇಡಿ.

ಕೊನೆಗೆ ತಲೆಯ ಗುಮ್ಮಟ. ಮೇಲಿನಿಂದ ಕೆಳಕ್ಕೆ ಅರದಿಂದ ಮೆಲ್ಲಗೆ ತೀಡಿ, ಒಂದು ರೂಪಾಯಿ ನಾಣ್ಯದ ಅಂಚನ್ನು ಹಿಂದೆ ಹಿಡಿದು ಬಾಗು ಹೋಲಿಸಿ. ಹೆಚ್ಚುಕಡಿಮೆ ಅಷ್ಟಿದ್ದರೆ ಸರಿ. ಚಪ್ಪಟೆ ಟಿಪ್ ಅಂಚಿನಿಂದ ಚೆಂಡನ್ನು ಮುಟ್ಟಿ ಜಾರುತ್ತದೆ. ಮೊದಲ ಎರಡು ಗಂಟೆ ಆಟದಲ್ಲಿ ಟಿಪ್ ಅದುಮಿಕೊಂಡು ಮತ್ತೆ ಅಗಲವಾಗುತ್ತದೆ, ಮತ್ತೊಮ್ಮೆ ಅಂಚು ತೆಗೆಯಬೇಕು. ಹೊಸ ಟಿಪ್ ಹಾಕಿದ ದಿನವೇ ಪಂದ್ಯಕ್ಕೆ ಹೋಗಬೇಡಿ.

ಚಾಕ್

ಹೆಸರು ಚಾಕ್ ಆದರೂ ಇದು ಶಾಲೆಯ ಬೋರ್ಡಿನ ಸುಣ್ಣವಲ್ಲ. 1897ರಲ್ಲಿ ಅಮೆರಿಕದ ವಿಲಿಯಂ ಸ್ಪಿಂಕ್ಸ್ ಮತ್ತು ವಿಲಿಯಂ ಹಾಸ್ಕಿನ್ಸ್ ಪೇಟೆಂಟ್ ಪಡೆದ ಸೂತ್ರದಿಂದ ಬಂದ, ಮರಳಿನಂಥ ಒರಟು ಪುಡಿಯ ಬಿಲ್ಲೆ. ಅದನ್ನು ಟಿಪ್ಪಿಗೆ ಸವರಬೇಕು, ಬಣ್ಣ ಬಳಿದ ಹಾಗೆ, ಅಂಚನ್ನೂ ಸೇರಿಸಿ. ಬಿಲ್ಲೆಯ ನಡುವೆ ಟಿಪ್ಪಿಟ್ಟು ಗಿರಗಿರ ತಿರುಗಿಸಿ ಬಾವಿ ತೋಡುವವರು ಟಿಪ್ಪಿಗಿಂತ ಫೆರುಲ್‌ಗೇ ಹೆಚ್ಚು ಚಾಕ್ ಹಚ್ಚುತ್ತಾರೆ. ಟೇಬಲ್ ಮೇಲೆ ಹಿಡಿದು ಹಚ್ಚಬೇಡಿ; ಬಟ್ಟೆಗೆ ಬಿದ್ದ ಪುಡಿ ಚೆಂಡಿಗಂಟಿ, ಎರಡು ಚೆಂಡು ತಾಗುವ ಜಾಗದಲ್ಲಿ ಸಿಕ್ಕಿಕೊಂಡರೆ ಹೊಡೆತ ಕೆಡುತ್ತದೆ. ಇದಕ್ಕೆ ಆಟಗಾರರು ಕಿಕ್ ಎನ್ನುತ್ತಾರೆ.

ಎಷ್ಟೇ ಚಾಕ್ ಹಚ್ಚಿದರೂ ಒಂದು ಗಡಿಯಿದೆ. ಚೆಂಡಿನ ನಡುವಿನಿಂದ ಅದರ ತ್ರಿಜ್ಯದ ಅರ್ಧದಷ್ಟು ದೂರ, ಅಂದರೆ ಸ್ನೂಕರ್ ಚೆಂಡಿನಲ್ಲಿ ಸುಮಾರು 13 ಮಿ.ಮೀ. ದಾಟಿ ಹೊಡೆದರೆ ಟಿಪ್ ಜಾರುತ್ತದೆ. ಒಂದು ಪಟ್ಟೆ ಚೆಂಡು ಸಿಕ್ಕಿದರೆ ಆ ಗಡಿ ಕಣ್ಣಿಗೇ ಕಾಣುತ್ತದೆ: ಪೂಲಿನ 9ರಿಂದ 15ರ ಪಟ್ಟೆಗಳ ಅಂಚು ಹೆಚ್ಚುಕಡಿಮೆ ಅಲ್ಲೇ ಬರುತ್ತದೆ. ಪಟ್ಟೆಯನ್ನು ಅಡ್ಡಲಾಗಿಟ್ಟು ಹೊಡೆಯಿರಿ, ಚಾಕಿನ ಗುರುತು ಎಲ್ಲಿ ಬಿತ್ತು ನೋಡಿ. ನಡುವಿಗೆ ಹೊಡೆದೆ ಎಂದು ಆಣೆ ಮಾಡುವವರ ಗುರುತು ಎಲ್ಲೆಲ್ಲಿ ಬಿದ್ದಿರುತ್ತದೆ ಎಂದರೆ ನಗು ಬರುತ್ತದೆ.

ಕೈಯಲ್ಲಿ ಹಿಡಿದ ಮೇಲೆ

ಸ್ನೂಕರ್ ಕ್ಯೂವಿನ ಬುಡದಲ್ಲಿ ಚಪ್ಪಟೆ ಬದಿ ಇದೆ ಎಂದೆನಲ್ಲ, ಅದು ಪ್ರತಿ ಹೊಡೆತಕ್ಕೂ ಅಂಗೈಯಲ್ಲಿ ಒಂದೇ ಜಾಗಕ್ಕೆ ಕೂರಲಿ. ಆಗ ಬಾಣದ ಮೊನೆಗಳು ಯಾವಾಗಲೂ ಮೇಲ್ಮುಖವಾಗಿರುತ್ತವೆ. ಮರ ಎಲ್ಲ ಕಡೆ ಒಂದೇ ರೀತಿ ಬಾಗುವುದಿಲ್ಲ. ಒಂದೇ ಬದಿ ಮೇಲಿಟ್ಟು ಆಡಿದರೆ ಅದರ ಸ್ವಭಾವ ನಿಮಗೆ ರೂಢಿಯಾಗುತ್ತದೆ.

ಹಿಡಿತ ಹಾಲಿನ ಪ್ಯಾಕೆಟ್ ಹಿಡಿದಷ್ಟು. ಬೆಳಗ್ಗೆ ಗೇಟಿನಿಂದ ತರುವ ಅರ್ಧ ಲೀಟರ್ ಪ್ಯಾಕೆಟ್ಟನ್ನು ಹಿಂಡಿದರೆ ಒಡೆಯುತ್ತದೆ, ಬಿಟ್ಟರೆ ಬೀಳುತ್ತದೆ. ಮುಂದಿನ ಕೈ ಟೇಬಲ್ ಮೇಲೆ ಬೆರಳು ಹರಡಿ ಗಟ್ಟಿಯಾಗಿ ಕೂರಲಿ. ಹೆಬ್ಬೆರಳು ಮೇಲೆದ್ದು ತೋರುಬೆರಳಿಗೆ ಒತ್ತಿದಾಗ ಆಗುವ ಸಂದಿಯಲ್ಲಿ ಕ್ಯೂ ಓಡಲಿ. ಆ ಸಂದಿಯಿಂದ ಬಿಳಿ ಚೆಂಡಿಗೆ ಒಂಬತ್ತು-ಹತ್ತು ಅಂಗುಲ. ಕ್ಯೂ ಗಲ್ಲಕ್ಕೆ ತಾಗಿ ಓಡುವಷ್ಟು ಬಾಗಿ. ಎರಡು ಮೂರು ಬಾರಿ ಹಿಂದೆ ಮುಂದೆ ಆಡಿಸಿ, ಕೊನೆಯ ಬಾರಿ ಹಿಂದಕ್ಕೆಳೆದಾಗ ಅರೆಕ್ಷಣ ನಿಲ್ಲಿ, ಆಮೇಲೆ ಚೆಂಡಿನ ಮೂಲಕ ಹಾದುಹೋಗುವಂತೆ ತಳ್ಳಿ. ಚೆಂಡು ಪಾಕೆಟ್ ಸೇರುವವರೆಗೆ ತಲೆ ಎತ್ತಬೇಡಿ. ಹೇಳುವುದು ಸುಲಭ, ನಾನು ಇವತ್ತಿಗೂ ಎತ್ತುತ್ತೇನೆ.

ಮೊದಲ ತಿಂಗಳ ಅಭ್ಯಾಸಕ್ಕೆ ಒಂದೇ ಚೆಂಡು ಸಾಕು. ಸ್ನೂಕರ್ ಟೇಬಲಿನಲ್ಲಿ ಒಂದೊಂದು ಬಣ್ಣದ ಚೆಂಡಿಗೂ ಗುರುತು ಹಾಕಿದ ಜಾಗವೇ ಸ್ಪಾಟ್; ಬಿಳಿಯನ್ನು ಬ್ರೌನ್ ಸ್ಪಾಟ್ ಮೇಲಿಡಿ. ಬ್ಲೂ, ಪಿಂಕ್, ಬ್ಲ್ಯಾಕ್ ಸ್ಪಾಟ್‌ಗಳ ಮೇಲೆ ಹಾದು ಆ ತುದಿಯ ಕುಶನ್‌ಗೆ (ಟೇಬಲಿನ ರಬ್ಬರ್ ಅಂಚಿಗೆ) ತಗುಲಿ ಅದೇ ಗೆರೆಯಲ್ಲಿ ವಾಪಸ್ ಬಂದು ನಿಮ್ಮ ಟಿಪ್ಪಿಗೇ ಮುಟ್ಟಬೇಕು. ಹೊಡೆದ ಮೇಲೆ ಕ್ಯೂವನ್ನು ಅಲ್ಲಾಡಿಸದೆ ಇಡಿ. ಎಡಕ್ಕೋ ಬಲಕ್ಕೋ ವಾಲಿ ಬಂದರೆ ನಿಮಗೆ ತಿಳಿಯದೆ ಸೈಡ್, ಅಂದರೆ ಪಕ್ಕದ ತಿರುಗು, ಬಿದ್ದಿದೆ. ಹತ್ತಕ್ಕೆ ಏಳು ಸಲ ಟಿಪ್ಪಿಗೆ ಬರುವವರೆಗೆ ಎರಡನೇ ಚೆಂಡು ಮುಟ್ಟಬೇಡಿ ಎಂದರೆ ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ.

ಎರಡನೆಯದು ಹಾಫ್ ಬಾಲ್. ಕ್ಯೂವಿನ ಗುರಿ ಎದುರಿನ ಚೆಂಡಿನ ಅಂಚಿಗೆ ನೇರವಾಗಿದ್ದರೆ ಬಿಳಿ ಅದರ ಅರ್ಧವನ್ನು ಮುಚ್ಚಿ ತಾಗುತ್ತದೆ, ಆ ಚೆಂಡು 30 ಡಿಗ್ರಿ ಕೋನದಲ್ಲಿ ಹೊರಡುತ್ತದೆ. ಚೆಂಡು ಸ್ನೂಕರಿನದಾಗಲಿ ಪೂಲಿನದಾಗಲಿ ಇದು ಬದಲಾಗದು. ಬಿಲಿಯರ್ಡ್ಸ್‌ನ ಇನ್-ಆಫ್‌ಗಳೆಲ್ಲ ಈ ಹೊಡೆತದ ಸುತ್ತಲೇ ಇರುವುದು. ಕಣ್ಣಿಗೆ ಈ ಒಂದು ಕೋನ ಅಚ್ಚೊತ್ತಿದರೆ ಉಳಿದವುಗಳನ್ನು ಇದಕ್ಕಿಂತ ದಪ್ಪ, ಇದಕ್ಕಿಂತ ತೆಳು ಎಂದು ಅಳೆಯಬಹುದು.

ಸೈಡ್ ಬೇಡ, ಕನಿಷ್ಠ ಆರು ತಿಂಗಳು. ಬಲಬದಿಗೆ ಹೊಡೆದರೆ ಬಿಳಿ ಚೆಂಡು ಗುರಿಯಿಂದ ತುಸು ಎಡಕ್ಕೆ ಸರಿದು ಹೊರಡುತ್ತದೆ. ಎಷ್ಟು ಸರಿಯುತ್ತದೆ ಎಂಬುದು ಕ್ಯೂವಿನಿಂದ ಕ್ಯೂಗೆ ಬೇರೆ. ತುದಿ ಹಗುರವಾದಷ್ಟೂ ಸರಿತ ಕಡಿಮೆ. ಕಾರ್ಬನ್ ಫೈಬರ್ ಪೂಲ್ ಕ್ಯೂಗಳಿಗೆ ಜನ ಮುಗಿಬೀಳುವುದು ಇದಕ್ಕೇ. ಅವು ಸೊಟ್ಟಗಾಗುವುದಿಲ್ಲ ಎಂಬುದು ನಮ್ಮ ಕರಾವಳಿಯವರಿಗೆ ಇನ್ನೂ ದೊಡ್ಡ ಲಾಭ.

ಕೈಗೆಟುಕದ ಚೆಂಡಿಗೆ ರೆಸ್ಟ್ ಇದೆ, ಕೈಯ ಬದಲು ಕ್ಯೂಗೆ ಆಸರೆ ಕೊಡುವ ಉದ್ದ ಕೋಲು. ಟೇಬಲ್ ಮೇಲೆ ಮಲಗಿ, ಒಂಟಿ ಕಾಲೆತ್ತಿ ಬ್ಯಾಲೆ ಮಾಡುವ ಬದಲು ಅದನ್ನು ಬಳಸಲು ಕಲಿಯಿರಿ. ಇನ್ನೊಂದು ಚೆಂಡಿನ ಮೇಲಿಂದ ಹೊಡೆಯಬೇಕಾದರೆ ಎತ್ತರದ ಸ್ಪೈಡರ್. ರೆಸ್ಟ್‌ನ ಕೋಲನ್ನು ಎಡಗೈಯಿಂದ ಬಟ್ಟೆಗೆ ಒತ್ತಿ ಹಿಡಿಯಿರಿ. ಹೊಡೆದ ಮೇಲೆ ಅದನ್ನು ಎತ್ತುವಾಗ ಯಾವ ಚೆಂಡಿಗೆ ತಾಗಿದರೂ ಫೌಲ್.

ಮಳೆ, ಬಿಸಿಲು, ಕಾರಿನ ಡಿಕ್ಕಿ

ಏಪ್ರಿಲ್ ಮಧ್ಯಾಹ್ನ ಕ್ಯೂವನ್ನು ಕಾರಿನಲ್ಲಿ ಬಿಟ್ಟು ಮದುವೆ ಊಟಕ್ಕೆ ಹೋದವನು ನಾನು. ಎರಡು ಗಂಟೆಯ ಹೋಳಿಗೆಗೆ ನೆಟ್ಟಗಿದ್ದ ಕೋಲನ್ನು ತೆತ್ತೆ. ಮರವನ್ನು ಕೆಡಿಸುವುದು ಒಣಗುವುದೂ ನೆನೆಯುವುದೂ ಪದೇಪದೇ ಆಗುವ ಏರುಪೇರು. ಗೋಡೆಗೆ ಓರೆಯಾಗಿ ಒರಗಿಸಿ ಇಡಬೇಡಿ. ಪೆಟ್ಟಿಗೆಯಲ್ಲಿಡಿ, ಇಲ್ಲವೇ ಮಲಗಿಸಿಡಿ. ಹೊರಗಿನ ಗೋಡೆಗೆ ತಾಗಿದ ಬೀರುವಿಗಿಂತ ಒಳಕೋಣೆ ಒಳ್ಳೆಯದು.

ಆಟ ಮುಗಿದ ಮೇಲೆ ಕೋಲನ್ನು ಸ್ವಲ್ಪವೇ ತೇವದ ಬಟ್ಟೆಯಿಂದ ಒರೆಸಿ, ತಕ್ಷಣ ಒಣ ಬಟ್ಟೆಯಿಂದ ಬಿಸಿಯಾಗುವಷ್ಟು ಉಜ್ಜಿ. ಮಂಗಳೂರು, ಉಡುಪಿ ಕಡೆ ಬೆವರಿಗೆ ಕೋಲು ಅಂಟಂಟಾಗುತ್ತದೆ ಎಂದು ಟಾಲ್ಕಂ ಪೌಡರ್ ಸುರಿದುಕೊಳ್ಳುವವರಿದ್ದಾರೆ. ಅದು ಟೇಬಲಿಗೆ ಇಳಿದರೆ ಮಾರ್ಕರ್ ಶಾಪ ಹಾಕುತ್ತಾರೆ. ಮೂರು ಬೆರಳಿನ ಗ್ಲೌಸ್ ಕೊಳ್ಳಿ. ಅಂಟು ಹೋಗಲಿ ಎಂದು ಮರಳು ಕಾಗದ ಹಾಕಿದರೆ ಕೋಲು ವರ್ಷ ವರ್ಷ ಸಣಕಲಾಗುತ್ತದೆ. ಆಶ್ ಕೋಲಿಗೆ ನಾಲ್ಕೈದು ತಿಂಗಳಿಗೊಮ್ಮೆ ಅಗಸೆ ಎಣ್ಣೆಯನ್ನು ಬಟ್ಟೆಗೆ ಎರಡು ಹನಿ ಹಾಕಿ ತಿಕ್ಕಿ, ರಾತ್ರಿ ಬಿಟ್ಟು, ಬೆಳಗ್ಗೆ ಒರೆಸಿಬಿಡಿ. ಎಣ್ಣೆ ಮೆತ್ತಿದ ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು; ಹರಡಿ ಒಣಗಿಸಿ. ವಿಮಾನದಲ್ಲಿ ಕ್ಯೂವನ್ನು ಕ್ಯಾಬಿನ್‌ಗೆ ಬಿಡುವುದಿಲ್ಲ, ಹಾಗಾಗಿ ಗಟ್ಟಿ ಪೆಟ್ಟಿಗೆಯೇ ಬೇಕು. ಹೆಂಡ್ರಿಯ ಕಥೆ ನೆನಪಿರಲಿ.

ಮನೆಗೇ ಟೇಬಲ್ ತರುವವರಿಗೆ

ಸ್ನೂಕರ್ ಹುಟ್ಟಿದ್ದು 1875ರಲ್ಲಿ ಜಬಲ್‌ಪುರದ ಸೇನಾ ಮೆಸ್ಸಿನಲ್ಲಿ, ನೆವಿಲ್ ಚೇಂಬರ್ಲೇನ್ ಎಂಬ ಅಧಿಕಾರಿಯ ಕೈಯಲ್ಲಿ ಎಂಬುದು ವಾಡಿಕೆ. ನಿಯಮಗಳು ಗೋಡೆ ಏರಿದ್ದು ಊಟಿ ಕ್ಲಬ್ಬಿನಲ್ಲಿ. ಅಂಥ ಬಂಗಲೆಗಳ ಹಾಲ್ ಅಳತೆಗೆ ಹುಟ್ಟಿದ ಆಟವನ್ನು ನಾವು ಫ್ಲ್ಯಾಟಿಗೆ ತುಂಬಲು ಹೊರಟಿರುತ್ತೇವೆ. ಲೆಕ್ಕ ಸರಳ: ಆಡುವ ಜಾಗದ ಉದ್ದಕ್ಕೂ ಅಗಲಕ್ಕೂ ಎರಡೆರಡು ಕ್ಯೂ ಉದ್ದ ಸೇರಿಸಿ, ಮೇಲೆ ಮೊಣಕೈ ಆಡಲು ಅರ್ಧ ಅಡಿ. ಪೂರ್ಣ ಸ್ನೂಕರ್ ಟೇಬಲಿನ ಆಡುವ ಜಾಗ 11 ಅಡಿ 8½ ಅಂಗುಲಕ್ಕೆ 5 ಅಡಿ 10 ಅಂಗುಲ. ಹಾಗಾಗಿ ಕೋಣೆ 22 ಅಡಿಗೆ 16 ಅಡಿ ಬೇಕು. ಒಂಬತ್ತು ಅಡಿ ಪೂಲ್ ಟೇಬಲಿಗೆ 18½ಕ್ಕೆ 14½ ಅಡಿ. ನಡುವೆ ಕಂಬ ಬಂದರೆ ಆ ಮೂಲೆಗೆ ಗಿಡ್ಡ ಕ್ಯೂ ಒಂದು ಇಟ್ಟುಕೊಳ್ಳಬೇಕಾಗುತ್ತದೆ.

ಪೂರ್ಣ ಟೇಬಲಿನ ಹಾಸು ಐದು ಸ್ಲೇಟ್ ಕಲ್ಲುಗಳದ್ದು, ಒಟ್ಟು ತೂಕ ಒಂದು ಟನ್ನಿಗೂ ಮೇಲೆ. ಮೂರನೇ ಮಹಡಿಯವರು ಎಂಜಿನಿಯರನ್ನು ಕೇಳದೆ ಮುಂಗಡ ಕೊಡಬೇಡಿ. ಬಟ್ಟೆಯ ವಿಷಯ: ಸ್ನೂಕರ್ ಬಟ್ಟೆಗೆ ಕೂದಲಿದೆ, ಅದು ಬಾಕ್ ಕಡೆಯಿಂದ, ಅಂದರೆ ಆಟ ಶುರುಮಾಡುವ ತುದಿಯಿಂದ, ಬ್ಲ್ಯಾಕ್ ಸ್ಪಾಟ್ ಕಡೆಗೆ ಮಲಗಿರುತ್ತದೆ. ಬ್ರಷ್ಷೂ ಇಸ್ತ್ರಿಯೂ ಅದೇ ದಿಕ್ಕಿಗೆ, ಎಂದೂ ಹಿಂದಕ್ಕೆ ಬೇಡ. ಅಡ್ಡಲಾಗಿ ನಿಧಾನ ಹೊಡೆದ ಚೆಂಡು ಕೊನೆಯಲ್ಲಿ ಕೂದಲು ಮಲಗಿದ ಕಡೆಗೆ ವಾಲುತ್ತದೆ. ನಡು ಪಾಕೆಟ್‌ಗೆ ಮೆಲ್ಲಗೆ ಹೊಡೆದು ತಪ್ಪಿಸಿಕೊಂಡವರು ಸ್ಲೇಟ್ ಸೊಟ್ಟ ಎಂದು ಸ್ಪಿರಿಟ್ ಲೆವೆಲ್ ಹುಡುಕುವ ಮೊದಲು ಇದನ್ನು ನೋಡಿ. ಪೂಲ್ ಬಟ್ಟೆಗೆ ಕೂದಲಿಲ್ಲ, ಆ ನೆಪ ಅಲ್ಲಿ ನಡೆಯುವುದಿಲ್ಲ.

ಕೋಣೆ ಅಳೆಯಲು ಟೇಪ್ ಒಂದನ್ನೇ ನಂಬಬೇಡಿ. ಹಳೆಯ ಪತ್ರಿಕೆಗಳನ್ನು ಟೇಬಲಿನ ಅಳತೆಗೆ ನೆಲದ ಮೇಲೆ ಹಾಸಿ, ಕ್ಯೂ ಹಿಡಿದು ಅದರ ಸುತ್ತ ಒಂದು ಸುತ್ತು ಬನ್ನಿ, ನಾಲ್ಕೂ ಮೂಲೆಯಲ್ಲಿ ಬಾಗಿ ಹೊಡೆದಂತೆ ಮಾಡಿ. ನಾನು ಹಾಗೆ ಮಾಡಿದಾಗ ನನ್ನ ಮೊಣಕೈ ಹೋಗಿ ತಾಗಿದ್ದು ದೇವರ ಮನೆಯ ಬಾಗಿಲಿಗೆ. ಟೇಬಲ್ ಬರಲಿಲ್ಲ, ಈಗಲೂ ಸ್ಕೂಟರ್ ಹತ್ತಿ ಕ್ಲಬ್ಬಿಗೇ ಹೋಗುತ್ತೇನೆ.